ಮಾರುವವನ ಮೌನ

ಎತ್ತನ್ನು ಕೊಳ್ಳುವವನು ಅದರ ಬಾಯಿ ತೆರೆದು ಹಲ್ಲು ಎಣಿಸುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಹೆಗಲ ಮೇಲೆ ಕೈಯಾಡಿಸುತ್ತಾನೆ. ಚಿಂಚಲಿಯ ಮಾಯಕ್ಕನ ಜಾತ್ರೆಯಲ್ಲಿ ನಮ್ಮ ತಂದೆ ಒಂದೇ ಜೋಡಿಯ ಸುತ್ತ ಅರ್ಧ ದಿನ ಹೀಗೆ ತಿರುಗಿದ್ದನ್ನು ನಾನು ಕಂಡಿದ್ದೇನೆ. ಆಮೇಲೆ ಎತ್ತು ಕುಂಟಿದರೆ ಅದು ಕೊಂಡವನ ಕಣ್ಣಿನ ತಪ್ಪು. ಮಾರಿದವನನ್ನು ಯಾರೂ ಬಯ್ಯುತ್ತಿರಲಿಲ್ಲ. ಆದರೆ ಮೋಟಾರಿಗೆ ಹಲ್ಲುಗಳಿರುವುದು ಹೊಟ್ಟೆಯೊಳಗೆ. ಗೇರ್‌ಬಾಕ್ಸಿನ ಹಲ್ಲು ನೋಡಬೇಕಾದರೆ ಅದನ್ನು ಕೆಳಗಿಳಿಸಿ ಬಿಚ್ಚಬೇಕು. ವ್ಯಾಪಾರ ಕುದುರುವ ಮೊದಲೇ ಬಿಚ್ಚಿ ನೋಡೆನ್ನುವ ಮಾಲೀಕ ಇನ್ನೂ ಹುಟ್ಟಿಲ್ಲ.

ಏಕಸಂಬಿಯಲ್ಲಿ ನಮ್ಮದೊಂದು ಕಬ್ಬಿನ ಹೊಲವಿದೆ. ಮಳೆಗಾಲದಲ್ಲಿ ಅಲ್ಲಿಯ ಎರೆಮಣ್ಣಿನ ದಾರಿ ಬೆಳಗಾವಿಯಿಂದ ಹೋದ ನನ್ನ ಸಣ್ಣ ಕಾರನ್ನು ಗಾಲಿಯವರೆಗೆ ನುಂಗುತ್ತಿತ್ತು. ನಾಲ್ಕೂ ಚಕ್ರ ಎಳೆಯುವ ಎಸ್‌ಯುವಿ ಬೇಕೆಂಬ ಆಸೆ ಹುಟ್ಟಿದ್ದು ಹಾಗೆ. ಹೊಸದಕ್ಕೆ ಶಕ್ತಿ ಸಾಲದು. ಎಂಟು ವರ್ಷ ಓಡಿದ ಒಂದನ್ನು 6 ಲಕ್ಷ 40 ಸಾವಿರಕ್ಕೆ ಕೊಂಡೆ. ನಾಲ್ಕು ತಿಂಗಳು ಅದು ರಾಜಗಾಂಭೀರ್ಯದಿಂದ ಓಡಿತು. ಅನಂತರ ಮೂರನೆಯ ಗೇರಿನಲ್ಲಿ ಒಂದು ಸಣ್ಣ ಕೂಗು ಕೇಳಿಸಿತು.

ಮಿಸ್ತ್ರಿ ಬಿಚ್ಚಿ ನೋಡಿ, ಬೆರಳಿಗೆ ಎಣ್ಣೆ ಹಚ್ಚಿಕೊಂಡು ತೋರಿಸಿದ: “ದಪ್ಪ ಎಣ್ಣಿ ಹಾಕ್ಯಾರ್ರಿ ಸಾಹೇಬ್ರ, ಸಪ್ಪಳ ಕೇಳಬಾರದಂತ.” ಹಿಂದೆ ಇದಕ್ಕಾಗಿ ಗರಗಸದ ಹೊಟ್ಟನ್ನು ತುಂಬುವವರೂ ಇದ್ದರಂತೆ, ನನಗೆ ಮಾರಿದವರು ಅಷ್ಟು ಹಳೆಯ ಪದ್ಧತಿಯವರಲ್ಲವೆಂದು ಸಮಾಧಾನಪಟ್ಟುಕೊಂಡೆ. ಎಂಜಿನ್ನಿನ ಬಲ ಕ್ಲಚ್ಚಿಗೆ, ಅಲ್ಲಿಂದ ಗೇರ್‌ಬಾಕ್ಸಿಗೆ, ಅಲ್ಲಿಂದ ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿಗೆ, ಶಾಫ್ಟಿಗೆ, ಕ್ರೌನ್‌ ಪಿನಿಯನ್ನಿಗೆ ಹೋಗುತ್ತದೆ. ಕೂಡು ಕುಟುಂಬದಂತೆ ಒಬ್ಬನ ಸವಕಳಿ ಇನ್ನೊಬ್ಬನ ಮೇಲೆ ಬೀಳುತ್ತದೆ. ಮೊದಲು 85 ಸಾವಿರ, ಆಮೇಲೆ 70, ಆಮೇಲೆ 65. ಎರಡು ವರ್ಷಗಳಲ್ಲಿ 2 ಲಕ್ಷ 20 ಸಾವಿರ ಕೊಟ್ಟ ಮೇಲೆ, ಇನ್ನೂ ಮುಟ್ಟದಿದ್ದ ಮುಂದಿನ ಕ್ರೌನ್ ನರಳತೊಡಗಿತು.

“ಮಾರಿಬಿಡು,” ಎಂದ ನಮ್ಮಣ್ಣ. “ನಿನಗ ಮಾರಿದಾಂವ ಏನರ ಹೇಳಿದ್ನೇನು?”

ಈ ತರ್ಕಕ್ಕೆ ಒಂದು ಆಕರ್ಷಣೆಯಿದೆ. ಸಂತೆಯಲ್ಲಿ ಬಂದ ಖೋಟಾ ನೋಟನ್ನು ಸಂತೆಯಲ್ಲೇ ದಾಟಿಸಿದವನು ತನ್ನನ್ನು ಕಳ್ಳನೆಂದುಕೊಳ್ಳುವುದಿಲ್ಲ. ತನ್ನ ಗಂಟು ತನಗೆ ಮರಳಿತೆಂದುಕೊಳ್ಳುತ್ತಾನೆ. ನಾನೂ ಕೆಲವು ದಿನ ಹಾಗೆಯೇ ಅಂದುಕೊಂಡೆ. ಸುಳ್ಳು ಹೇಳುವುದಿಲ್ಲ, ಕೇಳದ್ದನ್ನು ಹೇಳುವುದೂ ಇಲ್ಲ ಎಂದು ನಿರ್ಧರಿಸಿದೆ. ಕಾನೂನು ನನ್ನ ಕಡೆಗಿದೆಯೇ ಎಂದೂ ನೋಡಿದೆ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮು ವಂಚನೆಯೆಂದರೇನೆಂದು ಹೇಳುತ್ತದೆ. ಅದರ ಕೆಳಗೊಂದು ದೃಷ್ಟಾಂತವಿದೆ: ಒಬ್ಬನು ತನ್ನ ಕುದುರೆ ರೋಗಿಯೆಂದು ಗೊತ್ತಿದ್ದೂ ಹರಾಜಿನಲ್ಲಿ ಮಾರುತ್ತಾನೆ, ಏನೂ ಹೇಳುವುದಿಲ್ಲ; ಇದು ವಂಚನೆಯಲ್ಲ. ನಾನು ನಿಟ್ಟುಸಿರುಬಿಟ್ಟೆ. ಅಲ್ಲಿಗೇ ಪುಸ್ತಕ ಮುಚ್ಚಿದ್ದರೆ ಚೆನ್ನಾಗಿತ್ತು. ಮುಂದಿನ ದೃಷ್ಟಾಂತದಲ್ಲಿ ಕೊಳ್ಳುವವಳು ಮಾರುವವನ ಮಗಳು, ಆಗತಾನೇ ಪ್ರಾಯಕ್ಕೆ ಬಂದವಳು. ಆ ಸಂಬಂಧದ ದೆಸೆಯಿಂದ ಕುದುರೆಯ ರೋಗವನ್ನು ಹೇಳುವುದು ಅವನ ಕರ್ತವ್ಯವಾಗುತ್ತದೆ. ಕುದುರೆ ಅದೇ, ರೋಗವೂ ಅದೇ. ಎದುರಿಗೆ ನಿಂತವರು ಬೇರೆ.

ಸದಲಗಾ ಕಡೆಯ ಹುಡುಗನೊಬ್ಬ ಗಾಡಿ ನೋಡಲು ಬಂದ. ಸಾಲ ಮಾಡಿ ಕೊಂಡು ಬಾಡಿಗೆಗೆ ಬಿಡುವ ವಿಚಾರ ಅವನದು. ಸುತ್ತ ಒಂದು ಸಲ ತಿರುಗಿದ, ಬಣ್ಣ ನೋಡಿದ, ಟಾಯರು ಒದ್ದ. ಆಮೇಲೆ, “ಕಾಕಾ, ಗಾಡಿ ಚೊಲೊ ಐತಿಲ್ಲರಿ?” ಎಂದ.

‘ಕಾಕಾ’ ಎಂಬುದು ನಮ್ಮ ಸೀಮೆಯಲ್ಲಿ ಬರಿಯ ಬಾಯಿಮಾತು. ಬಸ್ಸಿನಲ್ಲಿ ಜಾಗ ಕೇಳುವವನೂ ಹಾಗೆಯೇ ಕರೆಯುತ್ತಾನೆ. ಬೆಲೆ ಇಳಿಸಲೆಂದೇ ಅವನು ಕರೆದಿರಬಹುದು. ಆದರೂ ನೋಡಲಾಗದ್ದನ್ನು ನೋಡುವುದಕ್ಕೆ ಅವನಿಗಿದ್ದ ಕಿಟಕಿ ನನ್ನ ಬಾಯಿಯೊಂದೇ. ತಂದೆಯ ಕಾಲದ ಎತ್ತಿನ ವ್ಯಾಪಾರದಲ್ಲಿ ಮಾರುವವನ ಮೌನಕ್ಕೆ ಎದುರಾಗಿ ಕೊಳ್ಳುವವನ ಕಣ್ಣಿತ್ತು. ಇಲ್ಲಿ ಕಣ್ಣಿಗೆ ಕೆಲಸವಿಲ್ಲ, ತಿಳಿದವನು ನಾನೊಬ್ಬನೇ. ಸುಮ್ಮನಿದ್ದರೆ ಅದು ದಪ್ಪ ಎಣ್ಣೆ ಹಾಕಿದಷ್ಟೇ ಆಗುತ್ತಿತ್ತು. ಎಲ್ಲವನ್ನೂ ಹೇಳಿದೆ, ರಸೀದಿಗಳನ್ನೂ ತೋರಿಸಿದೆ.

ಅವನು ಮೆಚ್ಚಿಕೊಂಡನೆಂದು ನೀವು ತಿಳಿಯಬೇಡಿ. “ಹಂಗಾರ ಇನ್ನೇನೇನ ಐತ್ರಿ?” ಎಂದು ಸಂಶಯದಿಂದ ನೋಡಿದ. ಇಷ್ಟು ಹೇಳಿದವನು ಎಷ್ಟನ್ನು ಬಚ್ಚಿಟ್ಟಿದ್ದಾನೋ! ಅಮೆರಿಕದ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಲೇಖನ ಬರೆದರು. ಒಳಗಿನ ಗುಣ ಮಾರುವವನಿಗೆ ಮಾತ್ರ ಗೊತ್ತಿರುವ ಪೇಟೆಯಲ್ಲಿ ಕೆಟ್ಟ ಗಾಡಿಗಳು ಒಳ್ಳೆಯವನ್ನು ಹೊರದಬ್ಬುತ್ತವೆಂದು ತೋರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ನನಗೆ ಗಿರಾಕಿಯೂ ಉಳಿಯಲಿಲ್ಲ. ಹುಡುಗ ಬೇರೆ ಕಡೆ ಏನೂ ಹೇಳದ ಮಾಲೀಕನಿಂದ ಒಂದು ಗಾಡಿ ಕೊಂಡನಂತೆ. ಅದು ಚೆನ್ನಾಗಿಯೇ ಓಡುತ್ತಿದೆಯಂತೆ.

ನನ್ನದು ಹೊಲದ ಬೇವಿನ ಮರದ ಕೆಳಗೆ ಮಳೆ ನೆನೆಯುತ್ತಿದೆ. ಅಣ್ಣ ದಿನವೂ ಅದರ ಮುಂದೆ ಹಾಯುತ್ತಾನೆ, ಏನೂ ಅನ್ನುವುದಿಲ್ಲ. ಮೊನ್ನೆ ಮಿಸ್ತ್ರಿಯೇ ಬಂದು 2 ಲಕ್ಷ 60 ಸಾವಿರಕ್ಕೆ ಕೇಳಿದ. ಅವನಿಗೆ ನಾನು ಹೇಳಬೇಕಾದ್ದೇನೂ ಇಲ್ಲ. ಅದರ ಹೊಟ್ಟೆಯನ್ನು ನನಗಿಂತ ಬಲ್ಲವನು. “ರಿಪೇರಿ ಮಾಡಿ ಮಾರತೀನ್ರಿ,” ಎಂದ. ಕ್ರೌನ್ ಬದಲಿಸುತ್ತಾನೋ, ಎಣ್ಣೆ ಮಾತ್ರ ಬದಲಿಸುತ್ತಾನೋ? ನಾನು ಕೇಳಲಿಲ್ಲ. ಭಾನುವಾರ ಹಣ ತರುತ್ತೇನೆಂದಿದ್ದಾನೆ.