ತುಡುಗಾದ ಸೈಕಲ್ಲಿನ ಲೆಕ್ಕ

ಧಾರವಾಡದ ಕಡೆ ಸೈಕಲ್ಲು ಕಳವಾಗುವುದಿಲ್ಲ, ತುಡುಗು ಆಗುತ್ತದೆ. ಠಾಣೆಯ ಕಾಗದದಲ್ಲಿ 'ಕಳ್ಳತನ' ಎಂದು ಬರೆಯುವುದನ್ನು ಊರಿನ ಬಾಯಿ 'ತುಡುಗು' ಅನ್ನುತ್ತದೆ. ಎರಡಕ್ಕೂ ಅರ್ಥ ಒಂದೇ ಅನಿಸಿದರೂ ಒಳಗಿನ ರುಚಿ ಬೇರೆ. ಹಗ್ಗ ಕಿತ್ತುಕೊಂಡು ಮಂದಿಯ ಹೊಲಕ್ಕೆ ಬಾಯಿ ಹಾಕುವ ದನ ನಮ್ಮಲ್ಲಿ ತುಡುಗು ದನ. ಅಡುಗೆಮನೆಗೆ ನುಗ್ಗಿ ಹಾಲು ಕುಡಿಯುವ ಬೆಕ್ಕು ತುಡುಗು ಬೆಕ್ಕು. ದನವನ್ನು ಯಾರೂ ಜೈಲಿಗೆ ಹಾಕುವುದಿಲ್ಲ. ಕೊಂಡವಾಡಕ್ಕೆ ಹೊಡೆಯುತ್ತಾರೆ, ಒಡೆಯ ದಂಡ ಕಟ್ಟಿ ಬಿಡಿಸಿಕೊಂಡು ಬರುತ್ತಾನೆ, ಮರುದಿನ ಅದೇ ದಾರಿಯಲ್ಲಿ ಅದೇ ದನ. ಹೀಗಾಗಿ ಈ ಶಬ್ದದಲ್ಲಿ ಒಂದಿಷ್ಟು ಕ್ಷಮೆ ಇದೆ. ಶಾಪವೂ ಇದೆ. ಕಳವು ಒಂದು ಕೃತ್ಯ, ಮಾಡಿ ಮುಗಿಯುವಂಥದ್ದು. ತುಡುಗು ಒಂದು ಸ್ವಭಾವ. ಒಮ್ಮೆ 'ತುಡುಗ' ಅನಿಸಿಕೊಂಡವನು ಸೈಕಲ್ಲು ತಿರುಗಿ ಕೊಟ್ಟರೂ ಆ ಹೆಸರನ್ನು ತಿರುಗಿ ಕೊಡಲಾರ.

ಒಂದು ಸಂದರ್ಭ ಇಟ್ಟುಕೊಳ್ಳೋಣ. ನಡೆದದ್ದಲ್ಲ, ಆದರೆ ಕಲಘಟಗಿ ತಾಲೂಕಿನಲ್ಲಿ ಯಾರಿಗೂ ವಿಚಿತ್ರ ಅನಿಸದಂಥದ್ದು. ದುಮ್ಮವಾಡದ ಕಡೆಯ ಒಂದು ಸಣ್ಣ ಊರಿನಿಂದ ಹೈಸ್ಕೂಲಿಗೆ ಬರುವ ಒಂಬತ್ತನೆಯ ಇಯತ್ತೆಯ ಹುಡುಗಿ. ಅವಳ ಸೈಕಲ್ಲು ಅಕ್ಕನದು. ಎಂಟನೆಯ ಇಯತ್ತೆಯ ಮಕ್ಕಳಿಗೆ ಸರಕಾರ 2006-07ರಿಂದ ಕೊಡುತ್ತ ಬಂದು ಕೋವಿಡ್ ಕಾಲದಿಂದ ನಿಲ್ಲಿಸಿದ ಸೈಕಲ್ಲುಗಳಲ್ಲಿ ಒಂದು. ಹಿಟ್ಟಿನ ಗಿರಣಿಯ ಗೋಡೆಗೆ ಒರಗಿಸಿ ಒಳಗೆ ಹೋಗಿ ಬರುವಷ್ಟರಲ್ಲಿ ಅದು ಇಲ್ಲ. ನಾಲ್ಕು ದಿನದ ಮೇಲೆ ಪಕ್ಕದ ಊರಿನ ಕೂಲಿಯವನೊಬ್ಬನ ಅಂಗಳದಲ್ಲಿ ಸಿಗುತ್ತದೆ. ಅವನು 800 ರೂಪಾಯಿ ಕೊಟ್ಟು ಕೊಂಡಿದ್ದಾನೆ. ಮಾರಿದವನು ಇದೇ ಊರಿನ ಹದಿನಾರರ ಹುಡುಗ. ಎಲ್ಲರಿಗೂ ಗೊತ್ತಿರುವ ಮನೆಯವನು.

ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂಡುತ್ತಾರೆ. ಸೈಕಲ್ಲು ಹುಡುಗಿಗೆ. ಕೂಲಿಯವನ ದುಡ್ಡಿನಲ್ಲಿ ಅರ್ಧ ಹುಡುಗಿಯ ಅಪ್ಪ, ಅರ್ಧ ಹುಡುಗನ ಅಪ್ಪ ಕೊಡಬೇಕು. ಹುಡುಗನಿಗೆ ಎರಡು ಏಟು. 'ಸೈಕಲ್ ಸಿಕ್ಕತಲ್ಲ ಯವ್ವಾ, ಇನ್ನ ಬಿಟ್ಟಬಿಡು.' ಚಹಾ ಕುಡಿದು ಎಲ್ಲರೂ ಏಳುತ್ತಾರೆ.

ಸಿಕ್ಕ ಮೇಲೆ ಏನು ಉಳಿಯುತ್ತದೆ ಎಂಬುದೇ ಇಲ್ಲಿ ನನ್ನ ಪ್ರಶ್ನೆ.

ಮೊದಲು, ಇದು ಅವಳದೇ ಸೈಕಲ್ಲು ಎಂದು ಹೇಳಿದವರು ಯಾರು? ಸರಕಾರಿ ಸೈಕಲ್ಲುಗಳು ಒಂದೇ ಬಣ್ಣದವು, ಒಂದೇ ಅಳತೆಯವು. ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರೆ ಹೆತ್ತ ತಾಯಿಗೂ ಗುರುತು ಸಿಗದ ಅವಳಿಗಳು. ಹೀಗಿದ್ದೂ ಎರಡು ತಿಂಗಳಲ್ಲಿ ಪ್ರತಿಯೊಂದೂ ಬೇರೆಯಾಗುತ್ತದೆ. ಒಂದರ ಹ್ಯಾಂಡಲ್ಲಿಗೆ ಯಲ್ಲಮ್ಮನ ಗುಡ್ಡದಿಂದ ತಂದ ದಾರ, ಇನ್ನೊಂದರ ಚೈನ್ ಕವರಿನ ಮೇಲೆ ನೇಲ್ ಪಾಲಿಶಿನಲ್ಲಿ ಬರೆದ ಹೆಸರಿನ ಮೊದಲ ಅಕ್ಷರ, ಮತ್ತೊಂದರ ಮಡ್‌ಗಾರ್ಡಿಗೆ ತಂತಿಯ ಹೊಲಿಗೆ. ಮಾಲಕಿ ಎಂಬುದನ್ನು ಕಾನೂನು ರಸೀದಿಯಲ್ಲಿ ಹುಡುಕುತ್ತದೆ, ಊರು ಸವೆತದಲ್ಲಿ ಹುಡುಕುತ್ತದೆ. ಈ ಸವೆತವನ್ನು ಓದಬಲ್ಲವನು ಪಂಕ್ಚರ್ ಅಂಗಡಿಯವನು. ಯಾವ ಗಾಲಿಗೆ ಎಷ್ಟು ತೇಪೆ, ಯಾವ ಪೆಡಲು ಯಾವತ್ತು ಬದಲಾಯಿತು ಎಂಬುದೆಲ್ಲ ಅವನ ತಲೆಯಲ್ಲಿರುತ್ತದೆ. ಊರಲ್ಲಿ ಕಳೆದ ಸೈಕಲ್ಲು ಸಿಗುವುದಿದ್ದರೆ ಬಹುತೇಕ ಅವನ ಕಣ್ಣಿನಿಂದಲೇ ಸಿಗುತ್ತದೆ. ಪೇಟೆಯಲ್ಲಿ ಈ ಕಣ್ಣು ಇಲ್ಲ. ಹುಬ್ಬಳ್ಳಿಯ ಗುಜರಿಗೆ ಹೋದ ಸೈಕಲ್ಲು ಕಬ್ಬಿಣವಾಗುತ್ತದೆ, ಅದಕ್ಕೆ ಹಿಂದಿನ ಜನ್ಮದ ನೆನಪಿರುವುದಿಲ್ಲ.

ಇನ್ನು ಕೊಂಡವನು. ಈ ಮೂವರಲ್ಲಿ ನನ್ನನ್ನು ಹೆಚ್ಚು ಕಾಡುವವನು ಅವನೇ. ನಮ್ಮ 1930ರ ಸರಕು ಮಾರಾಟ ಕಾಯ್ದೆಯ 27ನೆಯ ಕಲಮಿನ ತಾತ್ಪರ್ಯ ಸರಳ: ತನ್ನದಲ್ಲದ್ದನ್ನು ಮಾರಿದವನು ತನಗಿಲ್ಲದ ಹಕ್ಕನ್ನು ಕೊಂಡವನಿಗೆ ದಾಟಿಸಲಾರ. ಒಳ್ಳೆಯ ಮನಸ್ಸಿನಿಂದ ಕೊಂಡಿದ್ದರೂ ಕಳವಿನ ಮಾಲು ಮೂಲ ಒಡೆಯನಿಗೇ ಸೇರಬೇಕು. ಇದು ಇಂಗ್ಲಿಷರಿಂದ ಬಂದ ನ್ಯಾಯ ಎಂದುಕೊಳ್ಳುವಂತಿಲ್ಲ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ 'ಅಸ್ವಾಮಿವಿಕ್ರಯ' ಎಂಬ ಪ್ರಕರಣವೇ ಇದೆ. ಅದಕ್ಕೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಆರನೆಯ ವಿಕ್ರಮಾದಿತ್ಯನ ಕಲ್ಯಾಣದವನು. ಒಡೆಯನಲ್ಲದವನು ಮಾರಿದ್ದನ್ನು ಒಡೆಯ ಮರಳಿ ಪಡೆಯಬಹುದು, ಕೊಂಡವನು ಮಾರಿದವನನ್ನು ತೋರಿಸಿದರೆ ತಾನು ಶುದ್ಧ ಎಂದು ಅಲ್ಲಿದೆ. ಜೊತೆಗೆ ಒಂದು ಎಚ್ಚರವೂ ಇದೆ: ಗುಟ್ಟಾಗಿ, ಹೊತ್ತಲ್ಲದ ಹೊತ್ತಿನಲ್ಲಿ, ತೀರ ಕಡಿಮೆ ಬೆಲೆಗೆ, ಅಂಥ ವಸ್ತು ಇರಲು ಸಾಧ್ಯವಿಲ್ಲದ ಹೀನನಿಂದ ಕೊಂಡರೆ ಕೊಂಡವನೂ ಕಳ್ಳನೇ.

ಮೊದಲಿನ ಎರಡು ಪರೀಕ್ಷೆಗಳಿಗೆ ನನ್ನ ತಕರಾರಿಲ್ಲ. ಕಡೆಯ ಎರಡು ಕೂಲಿಯವನ ಮಟ್ಟಿಗೆ ಪರೀಕ್ಷೆಗಳೇ ಅಲ್ಲ. ಅವನು ಕೊಳ್ಳುವುದೆಲ್ಲ ಕಡಿಮೆ ಬೆಲೆಯದೇ, ಅವನಿಗೆ ಮಾರುವವರೆಲ್ಲ ಬಡವರೇ. ಅಂಗಡಿಯಲ್ಲಿ ಹೊಸ ಸೈಕಲ್ಲು ಕೊಳ್ಳುವವನು ಸುಲಭವಾಗಿ ಪ್ರಾಮಾಣಿಕನಾಗುತ್ತಾನೆ, ರಸೀದಿ ಅವನ ಪರವಾಗಿ ಮಾತಾಡುತ್ತದೆ. ರಸೀದಿಯಿಲ್ಲದ ಸಂತೆಯಲ್ಲಿ ಬದುಕುವವನ ಪ್ರಾಮಾಣಿಕತೆಗೆ ಅವನ ಮುಖವೊಂದೇ ಸಾಕ್ಷಿ. ಕಟ್ಟೆಯ ಹಿರಿಯರು ಇದನ್ನು ಅರಿತೇ ಅವನ ದುಡ್ಡು ಮುಳುಗಬಾರದು ಎಂದರು. ಅಲ್ಲಿಯವರೆಗೆ ಅವರು ಕಾಯ್ದೆಗಿಂತ ಸೂಕ್ಷ್ಮ. ಆದರೆ ಅರ್ಧವನ್ನು ಕಳೆದುಕೊಂಡ ಮನೆಯ ತಲೆಗೇ ಕಟ್ಟಿದ್ದು ಯಾವ ನ್ಯಾಯ? ತನ್ನದನ್ನೇ ತಾನು 400 ರೂಪಾಯಿ ಕೊಟ್ಟು ಕೊಂಡಂತಾಯಿತು. ರಾಜಿ ಎಂಬ ಮಾತಿಗೆ ನಮ್ಮಲ್ಲಿ ವಿಪರೀತ ಮರ್ಯಾದೆ. ಇಬ್ಬರೂ ಸ್ವಲ್ಪ ಸೋತರೆ ನ್ಯಾಯ ಆಯಿತು ಅಂದುಕೊಳ್ಳುತ್ತೇವೆ. ಸೋಲಬಾರದವನೊಬ್ಬ ಆ ಇಬ್ಬರಲ್ಲಿ ಇದ್ದಾನೆ ಎಂಬುದು ಅಲ್ಲಿ ಕಾಣುವುದಿಲ್ಲ.

ಹಾಗಾದರೆ ಆ ಅರ್ಧವನ್ನು ಯಾರು ಕೊಡಬೇಕಿತ್ತು? ಹಳೆಯ ಕಾಲದ ಉತ್ತರ: ಊರು.

ಇದು ಉತ್ಪ್ರೇಕ್ಷೆಯಲ್ಲ. ಪೇಶ್ವೆಯಿಂದ ಗೆದ್ದ ಪ್ರಾಂತಗಳ ಬಗ್ಗೆ ಎಲ್ಫಿನ್‌ಸ್ಟನ್ 1819ರಲ್ಲಿ ಬರೆದ ವರದಿಯಲ್ಲಿ ಊರಿನ ಕಾವಲುಗಾರನ ಕೆಲಸದ ವಿವರ ಬರುತ್ತದೆ. ನಮ್ಮ ಕಡೆ ಅವನು ತಳವಾರ. ಕಳವಾದರೆ ಅವನು ಕಳ್ಳನ ಹೆಜ್ಜೆಯ ಜಾಡು ಹಿಡಿದು ಪಕ್ಕದ ಊರಿನ ಗಡಿಯತನಕ ಹೋಗಬೇಕು. ಅಲ್ಲಿ ಜಾಡನ್ನು ಆ ಊರಿನ ಕಾವಲುಗಾರನಿಗೆ ಒಪ್ಪಿಸಿದರೆ ಹೊಣೆ ಅವನ ಮೇಲೆ. ಜಾಡು ಎಲ್ಲಿ ನಿಂತಿತೋ ಆ ಊರು ಕಳೆದ ಮಾಲಿನ ಬೆಲೆ ತುಂಬಬೇಕು. ಮೊದಲು ಕಾವಲುಗಾರ ಕೈಲಾದಷ್ಟು, ಉಳಿದದ್ದು ಊರೆಲ್ಲ ಸೇರಿ. ಇದು ಅನ್ಯಾಯದ ಪದ್ಧತಿ, ಪೂರ್ತಿಯಾಗಿ ವಸೂಲಾಗುತ್ತಿದ್ದುದೂ ಅಪರೂಪ ಎಂದು ಅವನೇ ಹೇಳುತ್ತಾನೆ. ಒಪ್ಪಬೇಕಾದ ಮಾತೇ. ತಡೆಯಲಾಗದ ಕಳವಿಗೆ ಬಡ ತಳವಾರನ ಕೈಯಿಂದ ದುಡ್ಡು ಕೀಳುವುದರಲ್ಲಿ ಯಾವ ಪುಣ್ಯವೂ ಇಲ್ಲ. ಆದರೆ ಅದರ ಹಿಂದಿನ ತಿಳಿವಳಿಕೆಯನ್ನು ಗಮನಿಸಬೇಕು. ಕಳವು ಕಳ್ಳ ಮತ್ತು ಒಡೆಯ ಎಂಬ ಇಬ್ಬರ ನಡುವಿನ ವ್ಯವಹಾರ ಅಲ್ಲ, ಯಾರ ಸೀಮೆಯಲ್ಲಿ ನಡೆಯಿತೋ ಅವರೆಲ್ಲರ ಸಾಲ ಎಂಬ ತಿಳಿವಳಿಕೆ ಅದು. ಕಳೆದದ್ದನ್ನು ಹುಡುಕಿಕೊಡು, ಆಗದಿದ್ದರೆ ನೀನೇ ತುಂಬಿಕೊಡು ಎಂದು ಸ್ಮೃತಿಕಾರರು ರಾಜನಿಗೆ ಹೇಳಿದ್ದೂ ಇದೇ ಮಾತು.

ಈಗ ಊರು ಏನು ಮಾಡುತ್ತಿದೆ? ಹುಡುಕುತ್ತದೆ, ಕಟ್ಟೆಗೆ ಕರೆಯುತ್ತದೆ, ಏಟು ಹಾಕುತ್ತದೆ, 'ಬಿಟ್ಟಬಿಡು' ಅನ್ನುತ್ತದೆ. ತುಂಬಿಕೊಡುವುದಿಲ್ಲ. ಸಮುದಾಯದ ಅಧಿಕಾರವನ್ನೆಲ್ಲ ಇಟ್ಟುಕೊಂಡು ಅದರ ಸಾಲವನ್ನಷ್ಟೇ ಕೈಬಿಟ್ಟಿದೆ. ಊರೊಟ್ಟಿನ ನ್ಯಾಯದ ಬಗ್ಗೆ ನಾವು ಆಡುವ ಹೆಮ್ಮೆಯ ಮಾತುಗಳಲ್ಲಿ ಈ ಒಂದು ಲೆಕ್ಕ ಯಾವಾಗಲೂ ಬಿಟ್ಟುಹೋಗಿರುತ್ತದೆ.

ಹುಡುಕುವುದೂ ಮುಗ್ಧವಲ್ಲ. ಸೈಕಲ್ಲು ಹೋಯಿತು ಎಂದ ತಕ್ಷಣ ಮೊದಲು ಯಾರ ಬಾಗಿಲು ಬಡಿಯುತ್ತಾರೆ? ದೇಸಾಯರ ವಾಡೆಯದಲ್ಲ. ಊರ ಹೊರಗಿನ ಟೆಂಟಿನವರದು, ಇಂಥ ಜಾತಿಯವರು ಹೀಗೇ ಎಂದು ಮೊದಲೇ ತೀರ್ಮಾನವಾಗಿರುವವರದು. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದ ಕಳ್ಳರೆಂದು ಬರೆದಿಟ್ಟಿತು. ಹುಬ್ಬಳ್ಳಿಯಲ್ಲಿ ಅವರನ್ನು ಕೂಡಿಹಾಕಿದ ಜಾಗಕ್ಕೆ 'ಸೆಟ್ಲಮೆಂಟ್' ಎಂಬ ಹೆಸರು ಇವತ್ತಿಗೂ ಉಳಿದಿದೆ. ಕಾಯ್ದೆ 1952ರಲ್ಲಿ ರದ್ದಾಯಿತು, 'ತುಡುಗು ಜಾತಿ' ಎಂಬ ಮಾತು ರದ್ದಾಗಲಿಲ್ಲ. ನಮ್ಮ ಸಂದರ್ಭದ ಹುಡುಗ ಸಿಗುವ ಮೊದಲಿನ ನಾಲ್ಕು ದಿನಗಳಲ್ಲಿ ಎಷ್ಟು ಗುಡಿಸಲುಗಳೊಳಗೆ ಇಣುಕಿದ್ದಾರು? ಆ ಮನೆಗಳಿಗೆ ಹೋಗಿ 'ತಪ್ಪಾತು' ಅಂದವರು ಯಾರು? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಕದ್ದವನಿಗೆ ಹೇಳುತ್ತಾರೆ. ಕದಿಯದೆಯೂ ಮಾನ ಹೋದವರ ಪಾಲಿಗೆ ಅಡಿಕೆಯೂ ಇಲ್ಲ.

ಇದಕ್ಕೆಲ್ಲ ಠಾಣೆಯೇ ಮದ್ದೆ? ನಾರ್ವೆಯ ಅಪರಾಧಶಾಸ್ತ್ರಜ್ಞ ನಿಲ್ಸ್ ಕ್ರಿಸ್ಟಿ 1977ರ ಒಂದು ಲೇಖನದಲ್ಲಿ ಜಗಳವೂ ಒಂದು ಆಸ್ತಿ, ವಕೀಲರೂ ಸರಕಾರವೂ ಅದನ್ನು ಜಗಳದವರಿಂದ ಕಸಿದುಕೊಂಡಿದ್ದಾರೆ ಎಂದು ವಾದಿಸಿದ. ನಮ್ಮ ಊರಿನವರಿಗೆ ಇದು ಓದದೆಯೇ ಗೊತ್ತು. ದೂರು ಕೊಟ್ಟರೆ ಸೈಕಲ್ಲು 'ಮುದ್ದೆಮಾಲು' ಆಗುತ್ತದೆ, ಠಾಣೆಯ ಹಿಂದಿನ ಬೇಲಿಯಲ್ಲಿ ಬಳ್ಳಿ ಹಬ್ಬಿಸಿಕೊಳ್ಳುತ್ತದೆ ಎಂಬ ಭಯ ಅವರದು. ವಶಪಡಿಸಿಕೊಂಡ ವಾಹನಗಳನ್ನು ಹಾಗೆ ಕೊಳೆಯಿಸಬೇಡಿ, ಪಂಚನಾಮೆ ಮಾಡಿ, ಫೋಟೋ ತೆಗೆದು, ಮುಚ್ಚಳಿಕೆ ಬರೆಸಿಕೊಂಡು ಒಡೆಯನಿಗೆ ಕೊಡಿ ಎಂದು ಸುಪ್ರೀಂ ಕೋರ್ಟು ಸುಂದರಭಾಯಿ ದೇಸಾಯಿ ಪ್ರಕರಣದಲ್ಲಿ ಹೇಳಿದ್ದು 2002ರಲ್ಲಿ. ಬಳ್ಳಿಗೆ ಅದು ಇನ್ನೂ ಪೂರ್ತಿ ತಿಳಿದಂತಿಲ್ಲ.

ಆದರೂ ಕಾನೂನು ಊರಿನ ದಿಕ್ಕಿಗೆ ಒಂದು ಹೆಜ್ಜೆ ಇಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನ ಪ್ರಕಾರ ಮಾಲು 5,000 ರೂಪಾಯಿಗಿಂತ ಕಡಿಮೆ ಬೆಲೆಯದಾಗಿ, ಮೊದಲ ಸಲ ತಪ್ಪಿತಸ್ಥನಾದವನು ಅದನ್ನು ಇಲ್ಲವೇ ಅದರ ಬೆಲೆಯನ್ನು ಮರಳಿಸಿದರೆ, ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಹಳೆಯ ಸೈಕಲ್ಲೊಂದು ಈ ಲೆಕ್ಕದೊಳಗೆ ಸಲೀಸಾಗಿ ಕೂಡುತ್ತದೆ. ಇನ್ನು ಹದಿನೆಂಟಾಗದ ಹುಡುಗನಾದರೆ 2015ರ ಬಾಲನ್ಯಾಯ ಕಾಯ್ದೆಯಂತೆ ಅವನ ಹೆಸರು ಎಲ್ಲೂ ಪ್ರಕಟವಾಗಬಾರದು, ಮುಂದೆ ಆ ತಪ್ಪು ಅವನ ದಾರಿಗೆ ಅಡ್ಡ ಬರಬಾರದು. ಕಾನೂನು ಹೆಸರು ಮುಚ್ಚಿಡುತ್ತದೆ, ಊರು ಹೆಸರಿಡುತ್ತದೆ. (ನಮ್ಮ ಕಡೆ 'ಹೆಸರಿಡೂದು' ಅಂದರೆ ಕುಂದು ಆಡುವುದು ಎಂದೂ ಅರ್ಥ.) ಕಟ್ಟೆಯ ಮೇಲಿನ ಎರಡು ಏಟು ಸೌಮ್ಯ ಶಿಕ್ಷೆ ಅನಿಸುತ್ತದೆ. ನಲವತ್ತು ವರ್ಷದ ಮೇಲೆ ಅವನ ಮಗಳ ಲಗ್ನದ ಮಾತುಕತೆಯಲ್ಲಿ ಆ ಸೈಕಲ್ಲು ಮತ್ತೆ ಬರಬಹುದು ಎಂಬುದನ್ನು ಸೇರಿಸಿದರೆ ಅದು ಅಷ್ಟು ಸೌಮ್ಯವೂ ಅಲ್ಲ.

ವಿತ್ತೋರಿಯೊ ಡಿ ಸಿಕಾನ 'ಬೈಸಿಕಲ್ ಥೀವ್ಸ್' (1948) ನೋಡಿದವರಿಗೆ ಕಡೆಯ ದೃಶ್ಯ ನೆನಪಿರುತ್ತದೆ. ಸೈಕಲ್ಲು ಕಳೆದುಕೊಂಡು ರೋಮ್ ನಗರವಿಡೀ ಅಲೆದ ಆಂತೋನಿಯೊ ತಾನೇ ಒಂದು ಸೈಕಲ್ಲಿಗೆ ಕೈ ಹಾಕಿ ಸಿಕ್ಕಿಬೀಳುತ್ತಾನೆ. ಅಳುತ್ತಿರುವ ಮಗನನ್ನು ಕಂಡು ಒಡೆಯ ಅವನನ್ನು ಬಿಟ್ಟುಬಿಡುತ್ತಾನೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಅದರ ಹಿಂದಿನ ದೃಶ್ಯ. ಆಂತೋನಿಯೊ ತನ್ನ ಕಳ್ಳನನ್ನು ಅವನ ಓಣಿಯಲ್ಲೇ ಹಿಡಿದಾಗ ಓಣಿಯವರೆಲ್ಲ ಬಂದು ಕಳ್ಳನ ಸುತ್ತ ನಿಲ್ಲುತ್ತಾರೆ. ಪೊಲೀಸಿನವನಿಗೆ ಸಾಕ್ಷಿ ಬೇಕು, ಸಾಕ್ಷಿ ಇಲ್ಲ. ಸಮುದಾಯ ಎಂದರೆ ಅದೂ ಹೌದು. ಒಳಗಿನವನಿಗೆ ಅದು ಆಸರೆ, ಹೊರಗಿನವನಿಗೆ ಗೋಡೆ. ಎರಡು ದೃಶ್ಯಗಳಲ್ಲೂ ಕಳ್ಳ ಪಾರಾಗುತ್ತಾನೆ, ಆದರೆ ಮೊದಲನೆಯದರಲ್ಲಿ ಬಿಟ್ಟವರು ಏನನ್ನೂ ಕಳೆದುಕೊಂಡವರಲ್ಲ. ಎರಡನೆಯದರಲ್ಲಿ ಬಿಟ್ಟವನು ಸೈಕಲ್ಲಿನ ಒಡೆಯ. ಕ್ಷಮೆ ಎಂಬ ಮಾತನ್ನು ನಾನು ಎರಡನೆಯದಕ್ಕೆ ಮಾತ್ರ ಬಳಸುತ್ತೇನೆ.

ಆಕಳು ಹೊಡೆದುಕೊಂಡು ಹೋದ ಕಳ್ಳರ ಬಗ್ಗೆ ಬಸವಣ್ಣನದೊಂದು ವಚನ ಇದೆ. ಅಲ್ಲಿ ಉಣ್ಣುವವನೂ ಇಲ್ಲಿ ಉಣ್ಣುವವನೂ ಸಂಗಮನೇ ಎಂಬ ಭಾವ. ಕರುಗಳನ್ನೂ ಅವರಿಗೇ ಕೊಟ್ಟುಬಿಡಿ ಎಂದ ಕತೆಯನ್ನೂ ಜನ ಹೇಳುತ್ತಾರೆ. ದೊಡ್ಡ ಮನಸ್ಸು, ಸಂಶಯವಿಲ್ಲ. ಆದರೆ ಆಕಳು ಬಸವಣ್ಣನದೇ ಆಗಿತ್ತು. ಕಟ್ಟೆಯ ಹಿರಿಯರು ಉದಾರವಾಗಿ ಬಿಟ್ಟದ್ದು ತಮ್ಮ ಆಕಳನ್ನಲ್ಲ.

ಹುಡುಗಿಯ ಪಾಲಿಗೆ ಆ ನಾಲ್ಕು ದಿನ ಏನು ಎಂಬುದನ್ನು ಅಂದಾಜು ಮಾಡಲು ಬಿಹಾರದ ಲೆಕ್ಕ ನೋಡಬಹುದು. ಅಲ್ಲಿ ಹೆಣ್ಣುಮಕ್ಕಳಿಗೆ ಸೈಕಲ್ಲು ಕೊಟ್ಟ ಯೋಜನೆಯನ್ನು ಅಧ್ಯಯನ ಮಾಡಿದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಹೆಚ್ಚಿತು, ಹುಡುಗರ ಜೊತೆಗಿನ ಅಂತರ ಶೇ 40ರಷ್ಟು ಇಳಿಯಿತು ಎಂದು ಕಂಡುಕೊಂಡರು. ಪರಿಣಾಮ ಹೆಚ್ಚಾಗಿದ್ದದ್ದು ಶಾಲೆ 3 ಕಿಲೋಮೀಟರಿಗಿಂತ ದೂರವಿದ್ದ ಊರುಗಳಲ್ಲಿ. ಎಂದರೆ ಸೈಕಲ್ಲು ಹೋದರೆ ಹೋಗುವುದು ಬರೀ ಕಬ್ಬಿಣ ಅಲ್ಲ. 'ಇನ್ನ ಸಾಲಿ ಸಾಕು, ಮನ್ಯಾಗ ಇರು' ಎಂಬ ಮಾತು ಎಷ್ಟೋ ಮನೆಗಳಲ್ಲಿ ಒಂದು ನೆಪಕ್ಕಾಗಿ ಕಾಯುತ್ತ ಕೂತಿರುತ್ತದೆ.

ಹಾಗಾಗಿ ನನ್ನ ಲೆಕ್ಕ ಇದು. ಕೂಲಿಯವನ 800 ರೂಪಾಯಿಯನ್ನು ಹುಡುಗ ದುಡಿದು ತೀರಿಸಲಿ, ಅದೇ ಪಂಕ್ಚರ್ ಅಂಗಡಿಯಲ್ಲಿ ರವಿವಾರಗಳಂದು ಕೂತು. ಅಲ್ಲಿಯತನಕ ಜಾತ್ರೆಗೆ ಪಟ್ಟಿ ಎತ್ತುವ ಊರು ಆ ದುಡ್ಡನ್ನು ತಾನು ಹಾಕಲಿ. ಹುಡುಗಿಯ ಅಪ್ಪ ಒಂದು ರೂಪಾಯಿ ಕೊಡಬೇಕಾಗಿಲ್ಲ. ಪೆಡಲಿನ ದಂಡೆಗಳು ಕೂಡುವ ಕೊಳವೆಯ ಕೆಳಗೆ ಒತ್ತಿರುವ ನಂಬರನ್ನು ಶಾಲೆಯ ಪಟ್ಟಿಯಲ್ಲಿ ಬರೆದಿಟ್ಟರೆ ಮುಂದಿನ ಸಲ ಗುಡಿಸಲುಗಳಿಗೆ ಇಣುಕುವ ಕೆಲಸವೂ ಕಡಿಮೆಯಾದೀತು. ಮತ್ತು ಬಿಡುವುದೋ ಬೇಡವೋ ಎಂದು ಮೊದಲು ಹುಡುಗಿಯನ್ನು ಕೇಳಬೇಕು. ಕೇಳುವುದೆಂದರೆ 'ಇಲ್ಲ' ಎಂಬ ಉತ್ತರಕ್ಕೂ ತಯಾರಾಗಿ ಕೇಳುವುದು. 'ನಾ ಬಿಡೂದಿಲ್ಲ, ಕಂಪ್ಲೇಂಟ್ ಕೊಡೂಣು' ಎಂದು ಅವಳಂದರೆ ಕಲಘಟಗಿ ಠಾಣೆಯತನಕ ಅವಳ ಜೊತೆ ಹೋಗಲು ಕಟ್ಟೆಯ ಮೇಲಿಂದ ಯಾರು ಏಳುತ್ತಾರೆ? ಅವಳ ಅಪ್ಪನಾದರೂ ಎದ್ದಾನು ಎಂಬ ಖಾತ್ರಿ ನನಗಿಲ್ಲ.