ಹಾಡಿಗೆ ಗಡಿಯುಂಟೆ?

ನಮ್ಮೊಡನೆ ಕಾದಿದ ನಾಡಿನ ಹಾಡಿಗೆ ಮನಸೋಲುವುದು ಸ್ವದೇಶದ್ರೋಹವೆ? ವಾಚಕರು ಒಂದು ನಿದರ್ಶನವನ್ನು ಪರಾಂಬರಿಸಬೇಕು.

1971ರ ಯುದ್ಧ ಮುಗಿದು ದಶಕವೂ ತುಂಬಿರಲಿಲ್ಲ. ಕರಾಚಿಯಲ್ಲಿ ಜನಿಸಿದ ನಾಜಿಯಾ ಹಸನ್ ಎಂಬ ಬಾಲೆಯು 1980ರ ‘ಕುರ್ಬಾನಿ’ ಎಂಬ ಹಿಂದೀ ಚಿತ್ರಕ್ಕಾಗಿ ಒಂದು ಹಾಡನ್ನು ಹಾಡಿದಳು. ಅದಕ್ಕೆ ಸ್ವರ ಸಂಯೋಜಿಸಿದವರು ಬೆಂಗಳೂರಿನಲ್ಲಿ ಹುಟ್ಟಿದ ಬಿದ್ದು ಅಪ್ಪಯ್ಯನವರು. ಭಾರತವೆಲ್ಲ ತಲೆದೂಗಿತು. ಮರುವರ್ಷ ಹೊರಬಂದ ಅವಳ ‘ಡಿಸ್ಕೋ ದೀವಾನೆ’ಯಿಂದ ಪಾಕಿಸ್ತಾನದ ಪಾಪ್ ಸಂಗೀತಕ್ಕೆ ಹೊಸ ದಾರಿ ತೆರೆಯಿತು.

ಗಾನವು ಯುದ್ಧವನ್ನು ತಡೆಯಲಿಲ್ಲವೆಂಬುದು ದಿಟ. 1999ರಲ್ಲಿ ಕಾರ್ಗಿಲ್ಲಿನಲ್ಲಿ ಮತ್ತೆ ರಕ್ತ ಹರಿಯಿತು. ನಾಡನ್ನು ಕಾಯುವುದು ಧರ್ಮವೇ ಸರಿ. ಆದರೆ ಮೆಚ್ಚಿದ ಕೊರಲನ್ನು ಮೆಚ್ಚಲಿಲ್ಲವೆನ್ನುವುದು ದೇಶಭಕ್ತಿಯಲ್ಲ, ಆತ್ಮವಂಚನೆ. ಹಗೆಯವರಲ್ಲಿಯೂ ಹಾಡುವ ಮಕ್ಕಳಿರುವರೆಂದು ನೆನೆವವನ ಕೈಯಲ್ಲಿ ಖಡ್ಗವು ನ್ಯಾಯದ ಎಲ್ಲೆಯನ್ನು ಮೀರದು.