ಅವರ ಬರ, ನಮ್ಮ ಬೆಲೆ

2023ರ ಜನವರಿಯ ಒಂದು ಬೆಳಿಗ್ಗೆ. ಕತ್ತಲಗೆರೆಯ ರಸ್ತೆ ಬದಿಯ ಚಹದಂಗಡಿಯಲ್ಲಿ ಕುಳಿತಿದ್ದೆವು. ನಮ್ಮ ಮೆಕ್ಕೆಜೋಳ ಇನ್ನೂ ಮನೆಯಲ್ಲೇ ಇತ್ತು. ದಲ್ಲಾಳಿ ಮಿತ್ರರೊಬ್ಬರು ಮೊಬೈಲ್ ತೀಡುತ್ತಾ ಬಂದು ಪಕ್ಕದಲ್ಲಿ ಕುಳಿತರು. "ಅರ್ಜೆಂಟೀನಾ ದೇಶದಾಗೆ ಮಳೇನೇ ಇಲ್ವಂತೆ ಸಾಬ್ರೇ. ಜೋಳ, ಸೋಯಾ ಎಲ್ಲಾ ಒಣಗಿ ಹೋಗ್ಯಾವಂತೆ. ಒಂದೀಟು ತಡ್ಕಳ್ರಿ, ಈಗ್ಲೇ ಮಾರಬ್ಯಾಡ್ರಿ. ನಮಗೆ ಒಳ್ಳೇದಾತು ಬಿಡ್ರಿ" ಎಂದರು. ಅಂಗಡಿಯಲ್ಲಿದ್ದ ನಾಲ್ಕೈದು ಜನ ನಕ್ಕರು. ನಾವೂ ನಕ್ಕೆವು.

ಮನೆಗೆ ಬಂದ ಮೇಲೆ ಆ ನಗು ಯಾಕೋ ಕೊರೆಯತೊಡಗಿತು. ಒಂದು ತಿಂಗಳ ಹಿಂದಷ್ಟೇ ಅದೇ ಅರ್ಜೆಂಟೀನಾ ಕತಾರ್‌ನಲ್ಲಿ ವಿಶ್ವಕಪ್ ಗೆದ್ದಿತ್ತು. ಮೆಸ್ಸಿ ಕಪ್ ಎತ್ತಿದ ರಾತ್ರಿ ನಮ್ಮ ಮನೆಯ ಹುಡುಗರು ಪಟಾಕಿ ಹೊಡೆದು ಅಕ್ಕಪಕ್ಕದವರಿಂದ ಬೈಸಿಕೊಂಡಿದ್ದರು. ಅವರ ಗೆಲುವು ನಮ್ಮ ಗೆಲುವಾಗಿತ್ತು. ಈಗ ಅವರ ಸೋಲೂ ನಮ್ಮ ಗೆಲುವಾಗಬೇಕೆಂದರೆ ಅದೆಂಥ ಸಂಬಂಧ? ಬೇರೆಯವರ ಕಣ್ಣೀರಿನಿಂದ ನಮ್ಮ ಚೀಲದ ಬೆಲೆ ಏರಿದಾಗ ಸಂತೋಷಪಡುವುದು ಸರಿಯೇ? ಪ್ರಶ್ನೆ ಚಿಕ್ಕದು. ಆದರೆ ಅದರ ಹಿಂದೆ ಹೋದರೆ ದಾರಿ ಬಹಳ ದೂರ ಒಯ್ಯುತ್ತದೆ.

ದಕ್ಷಿಣ ಅಮೆರಿಕ ನಮಗೆ ಎಂದೂ ದೂರದ ದೇಶವಾಗಿರಲಿಲ್ಲ. ನಾವು ಶೇಂಗಾ ಎನ್ನುವ ಕಡಲೆಕಾಯಿಯ ತವರು ಈಗಿನ ಬೊಲಿವಿಯಾ ಮತ್ತು ಅರ್ಜೆಂಟೀನಾದ ಗಡಿ ಸೀಮೆ. ಆಲೂಗಡ್ಡೆ ಆಂಡಿಸ್ ಬೆಟ್ಟಗಳದ್ದು, ಗೋಡಂಬಿ ಬ್ರೆಜಿಲ್‌ನದು. ಮೆಕ್ಕೆಜೋಳ ಮಾತ್ರ ಇನ್ನೂ ಉತ್ತರಕ್ಕೆ, ಮೆಕ್ಸಿಕೋದಲ್ಲಿ ಹುಟ್ಟಿದ್ದು. ಇಂದು ದಾವಣಗೆರೆ ಜಿಲ್ಲೆಯನ್ನು ಮೆಕ್ಕೆಜೋಳದ ಕಣಜ ಎನ್ನುತ್ತೇವೆ. ಹೊರಗಿನಿಂದ ಬಂದವರು ಯಾರು, ಒಳಗಿನವರು ಯಾರು ಎಂದು ಗದ್ದಲ ಮಾಡುವವರು ಒಮ್ಮೆ ತಮ್ಮ ಊಟದ ತಟ್ಟೆ ನೋಡಿಕೊಳ್ಳುವುದು ಒಳ್ಳೆಯದು.

ಶೇಂಗಾ ನಮ್ಮ ಜಗಳೂರು, ಚಳ್ಳಕೆರೆ ಕಡೆಯ ಕೆಂಪು ಮಣ್ಣಿಗೆ ಎಷ್ಟು ಒಗ್ಗಿತೆಂದರೆ ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರೇ ಬಂತು. 1986ರಲ್ಲಿ ಕೇಂದ್ರ ಸರಕಾರ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಆರಂಭಿಸಿದ ಮೇಲೆ ದೇಶ ಖಾದ್ಯತೈಲದಲ್ಲಿ ಬಹುತೇಕ ಸ್ವಾವಲಂಬಿಯಾಗುವ ಹಂತಕ್ಕೆ ಬಂದಿತ್ತು. ಆಮೇಲೆ ಬಾಗಿಲು ತೆರೆಯಿತು. 1994ರಲ್ಲಿ ತಾಳೆಎಣ್ಣೆಯ ಆಮದು ಮುಕ್ತವಾಯಿತು, ಮರುವರ್ಷ ಉಳಿದ ಎಣ್ಣೆಗಳದ್ದು. ಶೇಕಡ 65ರಷ್ಟಿದ್ದ ಸುಂಕ ನಾಲ್ಕೇ ವರ್ಷಗಳಲ್ಲಿ 15ಕ್ಕೆ ಇಳಿಯಿತು. ಮಲೇಶಿಯಾ, ಇಂಡೋನೇಶಿಯಾಗಳಿಂದ ತಾಳೆಎಣ್ಣೆ, ಅರ್ಜೆಂಟೀನಾ ಬ್ರೆಜಿಲ್‌ಗಳಿಂದ ಸೋಯಾ ಎಣ್ಣೆ ಹಡಗುಗಟ್ಟಲೆ ಬಂದವು. ನಮ್ಮ ಎಣ್ಣೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕಡಲೆಕಾಯಿಯನ್ನು ನಮಗೆ ಕೊಟ್ಟ ನೆಲವೇ ಸೋಯಾ ಎಣ್ಣೆಯ ರೂಪದಲ್ಲಿ ಬಂದು ಅದರ ಬೆಲೆ ಕೆಡಿಸಿತು.

ಹೀಗೆ ಹೇಳಿ ಸುಮ್ಮನಾದರೆ ಅದು ಅರ್ಧ ಸತ್ಯ. ನಮ್ಮ ತೋಟಕ್ಕೆ ಕೂಲಿಗೆ ಬರುವ ಹೆಣ್ಣುಮಗಳಿಗೆ ಜಮೀನಿಲ್ಲ. ಅವಳ ಮನೆಯ ಒಗ್ಗರಣೆ ನಡೆಯುವುದು ಅದೇ ಅಗ್ಗದ ಪ್ಯಾಕೆಟ್ ಎಣ್ಣೆಯಲ್ಲಿ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣೆ ದುಬಾರಿಯಾದಾಗ ಅವಳು ಲೀಟರ್ ಬಿಟ್ಟು ಅರ್ಧ ಲೀಟರ್ ಕೊಳ್ಳತೊಡಗಿದ್ದನ್ನು ಕಂಡಿದ್ದೇವೆ. ಅರ್ಜೆಂಟೀನಾದಲ್ಲಿ ಸೋಯಾ ಒಣಗಿದರೆ 'ನಮಗೆ ಒಳ್ಳೆಯದಾಯಿತು' ಎಂದು ದಲ್ಲಾಳಿ ಮಿತ್ರರು ಹೇಳಿದರಲ್ಲ, ಆ 'ನಮಗೆ' ಎಂಬುದರಲ್ಲಿ ಅವಳು ಇರಲಿಲ್ಲ. ನಾವು ಬರೆಯುವವರು 'ನಾವು' ಎಂಬ ಪದವನ್ನು ಬಹಳ ಸಲೀಸಾಗಿ ಬಳಸುತ್ತೇವೆ. ಒಂದೇ ಬದುವಿನ ಈಚೆಗೆ ಒಂದು ನಾವು, ಆಚೆಗೆ ಇನ್ನೊಂದು ನಾವು ಇರುತ್ತದೆ.

ಇನ್ನು ಆ ಖಂಡದ ರಾಜಕೀಯ. ಪತ್ರಿಕೆಗಳಲ್ಲಿ ದಕ್ಷಿಣ ಅಮೆರಿಕ ಎಂದೊಡನೆ ಬರುವ ಮಾತು 'ಅಸ್ಥಿರತೆ'. 2001ರ ಡಿಸೆಂಬರ್ ಮೊದಲಲ್ಲಿ ಅರ್ಜೆಂಟೀನಾ ಸರಕಾರ ಜನರ ಬ್ಯಾಂಕ್ ಖಾತೆಗಳಿಗೆ ಬೀಗ ಹಾಕಿತು. ವಾರಕ್ಕೆ ಇಷ್ಟೇ ಹಣ ತೆಗೆಯಬೇಕೆಂದು ಮಿತಿ ಹೇರಿತು. ಹೆಂಗಸರು ಅಡಿಗೆಮನೆಯ ಪಾತ್ರೆ ಬಡಿಯುತ್ತಾ ಬೀದಿಗೆ ಬಂದರು. ಗೋಲಿಬಾರಿನಲ್ಲಿ ಹತ್ತಾರು ಜನ ಸತ್ತರು. ಅಧ್ಯಕ್ಷ ದೆ ಲಾ ರುವಾ ಹೆಲಿಕಾಪ್ಟರ್ ಏರಿ ಅರಮನೆ ಬಿಟ್ಟರು. ಹದಿನೈದು ದಿನಗಳೊಳಗೆ ಆ ಕುರ್ಚಿ ಐದು ಜನರನ್ನು ಕಂಡಿತು. ಅದರಲ್ಲಿ ಒಂದು ವಾರ ಮಾತ್ರ ಕುಳಿತವರೊಬ್ಬರು, ವಿದೇಶೀ ಸಾಲ ತೀರಿಸುವುದಿಲ್ಲವೆಂದು ಘೋಷಿಸಿ ಹೋದರು. ಇತ್ತ ಪೆರುವಿನಲ್ಲಿ 2020ರ ನವೆಂಬರ್‌ನ ಒಂದೇ ವಾರದಲ್ಲಿ ಮೂವರು ಅಧ್ಯಕ್ಷರು.

ಇದನ್ನು ಓದಿ ನಗುವ ಮೊದಲು ನಮ್ಮ ವಿಧಾನಸೌಧವನ್ನೂ ನೋಡಬೇಕು. 2004ರಿಂದ 2013ರ ನಡುವೆ ನಾವು ಧರ್ಮಸಿಂಗ್, ಕುಮಾರಸ್ವಾಮಿ, ಯಡಿಯೂರಪ್ಪ, ಸದಾನಂದಗೌಡ, ಜಗದೀಶ ಶೆಟ್ಟರ್ ಎಂದು ಐವರು ಮುಖ್ಯಮಂತ್ರಿಗಳನ್ನು ಕಂಡೆವು. 2007ರಲ್ಲಿ ಒಂದು ಸರಕಾರ ಏಳು ದಿನ ಬಾಳಿತು, 2018ರಲ್ಲಿ ಇನ್ನೊಂದು ಮೂರು ದಿನವೂ ತುಂಬಲಿಲ್ಲ. ನಮ್ಮ ತಾಲೂಕಿನ ಕಾರಿಗನೂರಿನವರೇ ಆದ ಜೆ.ಎಚ್. ಪಟೇಲರು 1996ರಲ್ಲಿ ಮುಖ್ಯಮಂತ್ರಿಯಾಗಿ 1997ರಲ್ಲಿ ದಾವಣಗೆರೆಯನ್ನು ಜಿಲ್ಲೆ ಮಾಡಿದರು. ಅವರ ಸರಕಾರವನ್ನೂ ಅವರ ಪಕ್ಷದ ಜಗಳವೇ 1999ರಲ್ಲಿ ತಿಂದಿತು. ಆದರೂ ಭದ್ರಾ ಕಾಲುವೆಯ ತೂಬು ತೆರೆಯಿತು, ರೇಷನ್ ಅಂಗಡಿ ನಡೆಯಿತು, ಮೇಷ್ಟರಿಗೆ ಸಂಬಳ ಬಂತು. ಕುರ್ಚಿ ಅಲುಗಾಡುವುದು ಬೇರೆ, ನೆಲವೇ ಅಲುಗಾಡುವುದು ಬೇರೆ.

ಆ ಸಮಾಧಾನವೂ ಪೂರ್ತಿಯಲ್ಲ. 1991ರಲ್ಲಿ ಈ ದೇಶ 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಒತ್ತೆಗೆ ಸಾಗಿಸಿತ್ತು. 2016ರ ನವೆಂಬರ್‌ನಲ್ಲಿ ನಮ್ಮದೇ ಹಣಕ್ಕಾಗಿ ನಾವು ಸಾಲು ನಿಂತಿದ್ದೆವು. ಇನ್ನು ಮನೆಯ ಮಾತು. ನಮ್ಮ ಖಾಲಾ ಒಬ್ಬರು ಮಗಳ ಮದುವೆಗೆಂದು ಬಟ್ಟೆ ಹೊಲಿದು ಕೂಡಿಟ್ಟ ಹಣವನ್ನು ಒಂದು ಸಹಕಾರಿ ಬ್ಯಾಂಕಿನಲ್ಲಿ ಇಟ್ಟಿದ್ದರು. ಹೆಸರು ಬೇಡ. ಒಂದು ದಿನ ಬಾಗಿಲಿಗೆ ನೋಟೀಸು ಅಂಟಿತು, ಇಷ್ಟಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದು. ಖಾಲಾ ಬೀದಿಯಲ್ಲಿ ಪಾತ್ರೆ ಬಡಿಯಲಿಲ್ಲ. ಬುರ್ಖಾದ ಅಂಚನ್ನು ಬಾಯಿಗೆ ಒತ್ತಿಕೊಂಡು ಆ ನೋಟೀಸಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಅವರಿಗೆ ಕನ್ನಡ ಓದಲು ಬಾರದು. ನಾವು ಓದಿ ಹೇಳಿದೆವು, ಮತ್ತೊಮ್ಮೆ ಓದಿಸಿದರು. ಬ್ಯೂನಸ್ ಐರಿಸ್‌ನ ಹೆಂಗಸರ ಚಿತ್ರ ಪತ್ರಿಕೆಯಲ್ಲಿ ಕಂಡಾಗಲೆಲ್ಲ ಇದು ನೆನಪಾಗುತ್ತದೆ.

ಸ್ಥಿರತೆ ಒಳ್ಳೆಯದು, ಅಸ್ಥಿರತೆ ಕೆಟ್ಟದ್ದು ಎನ್ನುವುದನ್ನು ನಾವು ಪ್ರಶ್ನಿಸದೆ ಒಪ್ಪಿಕೊಂಡಿದ್ದೇವೆ. ಚಿಲಿಯನ್ನು ನೋಡಿ. ಅಲ್ಲಿನ ಚುನಾಯಿತ ಅಧ್ಯಕ್ಷ ಅಲೆಂದೆ ತಾಮ್ರದ ಗಣಿಗಳನ್ನು 1971ರಲ್ಲಿ ರಾಷ್ಟ್ರೀಕರಿಸಿದರು. 1973ರ ಸೆಪ್ಟೆಂಬರ್ 11ರಂದು ಸೈನ್ಯ ಅರಮನೆಯ ಮೇಲೆ ಬಾಂಬು ಹಾಕಿತು. ಆ ಸರಕಾರವನ್ನು ಅಲುಗಾಡಿಸಲು ಅಮೆರಿಕ ಹಣ ಸುರಿದದ್ದು ಆಮೇಲೆ ಅದರದೇ ಸೆನೆಟ್ಟಿನ ತನಿಖೆಯಲ್ಲಿ ಹೊರಬಂತು. ನಂತರ ಬಂದ ಪಿನೊಚೆ ಹದಿನೇಳು ವರ್ಷ 'ಸ್ಥಿರ'ವಾಗಿ ಆಳಿದ. ಮಾರುಕಟ್ಟೆಯ ಪಂಡಿತರು ಅದನ್ನು ಪವಾಡ ಎಂದರು. ಮೂರು ಸಾವಿರಕ್ಕೂ ಹೆಚ್ಚು ಜನ ಕೊಲೆಯಾದರು, ಇಲ್ಲವೇ ಕಾಣೆಯಾದರು. ಗೋರಿಯಲ್ಲಿರುವುದೂ ಸ್ಥಿರತೆಯೇ. ಇತ್ತ ಬೊಲಿವಿಯಾದ ಕೊಚಬಾಂಬಾ ನಗರದಲ್ಲಿ 2000ನೇ ಇಸವಿಯಲ್ಲಿ ಕುಡಿಯುವ ನೀರನ್ನು ಖಾಸಗಿ ಕಂಪನಿಯ ಕೈಗೆ ಕೊಟ್ಟಾಗ ಜನ ಬೀದಿಗಿಳಿದರು. ಊರು ದಿನಗಟ್ಟಲೆ ಸ್ತಬ್ಧವಾಯಿತು. ಏಪ್ರಿಲ್‌ನಲ್ಲಿ ಸರಕಾರ ಗುತ್ತಿಗೆ ರದ್ದು ಮಾಡಿತು. ಇದನ್ನೂ ಪತ್ರಿಕೆಗಳು ಅಸ್ಥಿರತೆ ಎಂದೇ ಬರೆದವು.

ನಮ್ಮ ಎರಡು ಎಕರೆಯೂ ಅಂಥ ಅಸ್ಥಿರತೆಯ ಫಲ. ಒಂದೆಕರೆಯಲ್ಲಿ ಅಡಿಕೆ, ಕಾಲುವೆ ನೀರು ಹತ್ತದ ಇನ್ನೊಂದರಲ್ಲಿ ಮೆಕ್ಕೆಜೋಳ. ನಮ್ಮ ಅಜ್ಜ ಅದೇ ಹೊಲದಲ್ಲಿ ಗೇಣಿದಾರರಾಗಿದ್ದವರು. 1951ರಲ್ಲಿ ಸಾಗರದ ಬಳಿ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ, ಲೋಹಿಯಾ ಬಂದು ಬಂಧನಕ್ಕೊಳಗಾದಾಗ, ದಣಿಗಳು ಅದನ್ನು ಅರಾಜಕತೆ ಎಂದರು. ದೇವರಾಜ ಅರಸರ ಕಾಲದ ಭೂಸುಧಾರಣೆ 1974ರಲ್ಲಿ ಜಾರಿಗೆ ಬಂತು. ಅಜ್ಜ ಉರ್ದುವಿನಲ್ಲಿ ರುಜು ಹಾಕಿ ನಮೂನೆ 7 ಅರ್ಜಿ ಕೊಟ್ಟರು. ಆ ಹಾಳೆಯ ಪ್ರತಿ ಇಂದಿಗೂ ನಮ್ಮ ಟ್ರಂಕಿನಲ್ಲಿದೆ. ಕಾಗೋಡಿನ ಗದ್ದಲ ನಡೆಯದಿದ್ದರೆ ಬೆಲೆ ಏರಲೆಂದು ಕಾಯುವ ಜೋಳವೇ ನಮ್ಮಲ್ಲಿ ಇರುತ್ತಿರಲಿಲ್ಲ.

ಬ್ರೆಜಿಲ್‌ನಲ್ಲಿ ಇಂಥದ್ದು ಆಗಲಿಲ್ಲ. ಅಲ್ಲಿನ ಭೂಹೀನರು 1984ರಲ್ಲಿ ತಮ್ಮದೇ ಚಳವಳಿ ಕಟ್ಟಿದರು. 1996ರ ಏಪ್ರಿಲ್ 17ರಂದು ಪಾರಾ ರಾಜ್ಯದಲ್ಲಿ ರಸ್ತೆ ತಡೆದು ಭೂಮಿ ಕೇಳುತ್ತಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿ 19 ಮಂದಿಯನ್ನು ಕೊಂದರು. ಆ ದಿನವನ್ನು ವಿಯಾ ಕಂಪೆಸಿನಾ ಎಂಬ ಜಾಗತಿಕ ರೈತ ಒಕ್ಕೂಟ ರೈತ ಹೋರಾಟದ ದಿನವಾಗಿ ಆಚರಿಸುತ್ತದೆ. ಬ್ರೆಜಿಲ್‌ನ ಭೂಹೀನರಂತೆ ನಮ್ಮ ರಾಜ್ಯ ರೈತ ಸಂಘವೂ ಅದರಲ್ಲಿತ್ತು. ಪ್ರೊ. ನಂಜುಂಡಸ್ವಾಮಿಯವರು ಹಸಿರು ಶಾಲಿನವರನ್ನು 1999ರಲ್ಲಿ ಯುರೋಪಿಗೆ ಕರೆದೊಯ್ದಾಗ ಜನ ನಕ್ಕಿದ್ದರು. ನಮ್ಮ ಚಹದಂಗಡಿಯ ನಗುವಿಗಿಂತ ಆ ಪ್ರಯಾಣ ಹೆಚ್ಚು ಅರ್ಥವುಳ್ಳದ್ದಾಗಿತ್ತೆಂದು ಈಗ ಅನಿಸುತ್ತದೆ.

ಒಂದೇ ಬೆಳೆಗೆ ಕೊರಳು ಕೊಟ್ಟ ದೇಶಗಳ ಕತೆ ಆ ಖಂಡದಲ್ಲಿ ಬೇಕಾದಷ್ಟಿದೆ. ಬ್ರೆಜಿಲ್‌ನ ಮನಾಸ್ ನಗರ ರಬ್ಬರಿನ ದುಡ್ಡಿನಲ್ಲಿ ಕಾಡಿನ ನಡುವೆ ಸಂಗೀತ ನಾಟಕ ಮಂದಿರ ಕಟ್ಟಿಸಿ 1896ರಲ್ಲಿ ಬಾಗಿಲು ತೆರೆಯಿತು. ಅಷ್ಟರಲ್ಲಿ ಒಬ್ಬ ಇಂಗ್ಲಿಷಿನವ ಸಾಗಿಸಿದ್ದ ಬೀಜಗಳು ಏಷ್ಯಾದಲ್ಲಿ ಬೇರು ಬಿಡುತ್ತಿದ್ದವು. ಮುಂದೆ ಅವು ಮಲಯದಲ್ಲಿ ತೋಟಗಳಾಗಿ ಮನಾಸ್ ಪಾಳು ಬಿತ್ತು. 1930ರ ದಶಕದಲ್ಲಿ ಅದೇ ದೇಶ ಬೆಲೆ ಉಳಿಸಿಕೊಳ್ಳಲು ಕೋಟಿಗಟ್ಟಲೆ ಚೀಲ ಕಾಫಿಯನ್ನು ಸುಟ್ಟಿತು. ಭೂಮಿಯ ಮೇಲೆ ಎಲ್ಲರಿಗಿಂತ ಹೆಚ್ಚು ತೈಲ ನಿಕ್ಷೇಪವಿರುವ ವೆನೆಜುವೆಲಾದಿಂದ ಕಳೆದ ದಶಕದಲ್ಲಿ ಎಪ್ಪತ್ತು ಲಕ್ಷಕ್ಕೂ ಮಿಕ್ಕಿ ಜನ ಗಂಟುಮೂಟೆ ಕಟ್ಟಿದರು. ಈಗ ಲಿಥಿಯಂ ಸರದಿ. 2024ರ ಜನವರಿಯಲ್ಲಿ ನಮ್ಮ ಸರಕಾರಿ ಕಂಪನಿಯೊಂದು ಅರ್ಜೆಂಟೀನಾದ ಕತಮಾರ್ಕಾದಲ್ಲಿ ಲಿಥಿಯಂ ಹುಡುಕಲು ಒಪ್ಪಂದ ಮಾಡಿಕೊಂಡಿತು. ಚನ್ನಗಿರಿಯ ರಸ್ತೆಯಲ್ಲಿ ಸದ್ದಿಲ್ಲದೆ ಓಡುವ ಸ್ಕೂಟರಿನ ಬ್ಯಾಟರಿಗೆ ಬೇಕಾದದ್ದು ಅದು. ನಾವಾದರೋ ಗದ್ದೆಗಳನ್ನು ಅಡಿಕೆ ತೋಟ ಮಾಡುತ್ತಾ ಬಂದಿದ್ದೇವೆ. ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಅಂಗ 2004ರಲ್ಲೇ ಪ್ರಕಟಿಸಿದೆ. ಆ ಮಾತೆತ್ತಿದರೆ ನಮ್ಮೂರಲ್ಲಿ ಚಹವೂ ಸಿಗುವುದಿಲ್ಲ, ಬಿಡಿ.

ಮೊದಲ ಪ್ರಶ್ನೆಗೆ ಬರೋಣ. ಒಳ್ಳೆಯ ಬೆಲೆಗೆ ಮಾರುವುದು ಪಾಪವಲ್ಲ. ಬೆಲೆಯೇರಲೆಂದು ಧಾನ್ಯವನ್ನು ಬಚ್ಚಿಡುವುದನ್ನು ನಮ್ಮ ಧರ್ಮಶಾಸ್ತ್ರ ಇಹ್ತಿಕಾರ್ ಎಂದು ಕರೆದು ನಿಷೇಧಿಸಿದೆ. ಆದರೆ ಎರಡು ಎಕರೆಯವನು ತನ್ನ ಹದಿನೈದಿಪ್ಪತ್ತು ಚೀಲವನ್ನು ತಿಂಗಳೊಪ್ಪತ್ತು ಇಟ್ಟುಕೊಂಡರೆ ಅದು ಇಹ್ತಿಕಾರ್ ಆಗುತ್ತದೆಂದು ನಮಗೆ ಅನಿಸುವುದಿಲ್ಲ. ಕೊರೆದದ್ದು ಮಾರಾಟವಲ್ಲ, ನಗು. ಈ ಮಾತನ್ನು ದಲ್ಲಾಳಿ ಮಿತ್ರರಿಗೆ ಹೇಳಿದಾಗ ಅವರು ನೇರವಾಗಿ ಕೇಳಿದರು. "ನಾವು ದುಃಖ ಪಟ್ರೆ ಅಲ್ಲಿ ಮಳೆ ಬರ್ತೈತಾ ಸಾಬ್ರೇ?" ಬರುವುದಿಲ್ಲ. ಅವರ ಮಾತಿಗೆ ಅಂದು ಉತ್ತರ ಹೊಳೆಯಲಿಲ್ಲ.

ಉತ್ತರ ಬಂದದ್ದು ಜಗಳೂರಿನಿಂದ. ಕಾಲುವೆ ಸೀಮೆಯಾದ ನಮ್ಮ ಕಡೆಗೆ ಕೂಲಿ ಅರಸಿ ಬಂದವನೊಬ್ಬ ಮಧ್ಯಾಹ್ನದ ಊಟಕ್ಕೆ ಕುಳಿತಾಗ ಹೇಳಿದ. "ನಮ್ಮ ಕಡೆ ಮಳೆ ಹೋದ್ರೆ ನಿಮ್ಮ ಕಡೆ ಕೂಲಿ ಅಗ್ಗ ಆಗ್ತೈತೆ, ಅಲ್ವಾ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಮಾತ್ರ ಇತ್ತು, ಅದು ಸರಿಯಾಗಿಯೂ ಇತ್ತು. ಬರದ ವರ್ಷ ಜಗಳೂರಿನವರು ಎತ್ತು ಮಾರುತ್ತಾರೆ, ನಾವು ಕೊಳ್ಳುತ್ತೇವೆ. ಅವರ ಜೋಳ ಸುಟ್ಟುಹೋದರೆ ನಮ್ಮದಕ್ಕೆ ಬೆಲೆ. ಅರ್ಜೆಂಟೀನಾದ ಬರಕ್ಕೆ ನಕ್ಕವನು ಜಗಳೂರಿನ ಬರಕ್ಕೆ ನಗುವುದಿಲ್ಲ ಎಂಬುದಕ್ಕೆ ಖಾತರಿ ಏನು? ದುಃಖದಿಂದ ಅಲ್ಲಿ ಮಳೆ ಬರುವುದಿಲ್ಲ, ನಿಜ. ನಗುವಿನಿಂದ ಇಲ್ಲಿ ಏನೋ ಒಣಗುತ್ತದೆ.

ದೂರದ ದೇಶದ ಗಲಭೆ ನಮ್ಮ ತಾಲೂಕಿನವರನ್ನೇ ಹಿಡಿದದ್ದೂ ಅದೇ ವರ್ಷ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೈನ್ಯ ಎರಡಾಗಿ ಹೊಡೆದಾಡತೊಡಗಿತು. ಗಿಡಮೂಲಿಕೆಯ ಔಷಧಿ ಮಾರಲು ಹೋಗಿದ್ದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದರು. ಅವರಲ್ಲಿ ಚನ್ನಗಿರಿ ತಾಲೂಕಿನ ಅಸ್ತಾಪನಹಳ್ಳಿ, ಗೋಪನಾಳದವರಿದ್ದರು. ಚುನಾವಣೆಯ ಕಾಲವಾದ್ದರಿಂದ ಇಲ್ಲಿ ರಾಜಕೀಯದವರು ಪರಸ್ಪರ ಹರಿಹಾಯ್ದರು. ಕೊನೆಗೆ 'ಆಪರೇಷನ್ ಕಾವೇರಿ' ಅವರನ್ನು ಕರೆತಂದಿತು. ಆ ದಿನಗಳಲ್ಲಿ ಸುಡಾನಿನ ಸುದ್ದಿಗೆ ನಮ್ಮಲ್ಲಿ ಯಾರೂ ನಗಲಿಲ್ಲ.

ಆ ವರ್ಷದ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವಾದವು. ಭದ್ರಾ ತುಂಬಲಿಲ್ಲ, ಕಾಲುವೆಗೆ ನೀರು ಬಿಟ್ಟು ನಿಲ್ಲಿಸುವ ಲೆಕ್ಕಾಚಾರಕ್ಕೆ ರೈತರು ರಸ್ತೆಗಿಳಿದರು. 2024ರ ಬೇಸಿಗೆಯಲ್ಲಿ ನಮ್ಮ ಒಂದೆಕರೆ ಅಡಿಕೆಗೆ ಟ್ಯಾಂಕರ್ ನೀರು ಕೊಂಡು ಹಾಕಿದೆವು. ಅರ್ಜೆಂಟೀನಾದಲ್ಲಿ ಅಷ್ಟರಲ್ಲಿ ಮಳೆ ಮರಳಿತ್ತು. ಹಣದುಬ್ಬರ ಮಾತ್ರ 2023ರಲ್ಲಿ ಶೇಕಡ 211 ದಾಟಿ, ಯಾಂತ್ರಿಕ ಗರಗಸ ಹಿಡಿದು ಪ್ರಚಾರ ಮಾಡಿದ ಮಿಲೇ ಅಲ್ಲಿ ಅಧ್ಯಕ್ಷರಾಗಿದ್ದರು.

ಇನ್ನೊಂದು ಸಂಗತಿಯಿದೆ. ಮಳೆಯ ಭಯದಿಂದ ನಮ್ಮ ಸರಕಾರ 2023ರ ಜುಲೈ 20ರಂದು ಬಿಳಿ ಅಕ್ಕಿಯ ರಫ್ತನ್ನು ನಿಲ್ಲಿಸಿತು. ಜಗತ್ತಿನಾದ್ಯಂತ ಅಕ್ಕಿಯ ಬೆಲೆ ಏರಿತು. ಅರ್ಜೆಂಟೀನಾದ ಮಗ್ಗುಲಲ್ಲೇ ಉರುಗ್ವೆ ಎಂಬ ಚಿಕ್ಕ ದೇಶವಿದೆ, ಬೆಳೆದ ಭತ್ತದ ಬಹುಪಾಲನ್ನು ಹೊರಗೆ ಮಾರುವ ದೇಶ. ಅಲ್ಲೂ ಯಾರೋ ಮೊಬೈಲ್ ತೀಡುತ್ತಾ ಬಂದು, ಇಂಡಿಯಾದಲ್ಲಿ ಮಳೆ ಇಲ್ಲವಂತೆ, ಒಂದಿಷ್ಟು ತಡೆದು ಮಾರಿ ಎಂದಿರಬಹುದು. ಇದನ್ನು ದಲ್ಲಾಳಿ ಮಿತ್ರರಿಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟರು.

"ಅವ್ರೂ ಹಿಂಗೇ ಚಾ ಕುಡೀತಾ ಕುಂತಿರ್ತಾರಾ ಸಾಬ್ರೇ?"

"ಅಲ್ಲಿ ಮಾಟೆ ಅನ್ನೋ ಎಲೆಯ ಕಷಾಯ ಕುಡೀತಾರಂತೆ" ಎಂದೆವು.

"ಕಹಿ ಇರ್ತೈತಾ?"

"ಇರ್ತೈತಂತೆ."

ಅವರು ತಲೆಯಾಡಿಸಿ ಎರಡು ಚಹಕ್ಕೆ ಹೇಳಿದರು.